ಓದುಗರ ಪ್ರಶ್ನೆ: ಊರು ಬಿಟ್ಟು ಬಂದವರ ಮನಸ್ಸು

ಕಾಫಿ ಕುಯ್ಲು ಶುರುವಾಯ್ತು ಅಂದ್ರೆ ಈ ಅಂಕಣಕ್ಕೆ ಬರೋ ಪತ್ರಗಳ ಧಾಟಿನೇ ಬೇರೆ ಆಗ್ಬಿಡುತ್ತೆ. ಉಳಿದ ತಿಂಗಳಲ್ಲಿ ಪರೀಕ್ಷೆ ಭಯ, ಅತ್ತೆ ಸೊಸೆ ಜಗಳ, ಮೊಬೈಲ್ ಬಿಡದ ಮಗ, ಇವೇ ಜಾಸ್ತಿ. ಈ ಸಲ ಬಂದಿದ್ರಲ್ಲಿ ಮುಕ್ಕಾಲು ಪಾಲು ತೋಟದ ಆಳುಗಳಿರೋ ಲೈನ್ ಮನೆ ವಿಷಯ, ಊರು ಬಿಟ್ಟು ಬಂದವರ ವಿಷಯ. ಹಾಗಾಗಿ ಉಳಿದದ್ದನ್ನ ಮುಂದಿನ ತಿಂಗಳಿಗೆ ಇಟ್ಟು ಇವನ್ನೇ ತಗೊಂಡಿದೀನಿ. ಬರೆದವರ ಹೆಸರು, ತೋಟದ ಗುರುತು ಎಲ್ಲಾ ತೆಗೆದಿದೀನಿ, ಯಾರೂ ಹೆದರ್ಬೇಡಿ.

ಪ್ರಶ್ನೆ: ಮೇಡಂ ನಮಸ್ತೆ. ನಮ್ದು ಸಿದ್ದಾಪುರ ಹತ್ರ ಸಣ್ಣ ತೋಟ. ಲೈನ್ ಮನೇಲಿ ಅಸ್ಸಾಂ ಕಡೆ ಗಂಡ ಹೆಂಡ್ತಿ ಇದಾರೆ, ಹುಡುಗಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ ಇರಬಹುದು, ಮಗು ಹುಟ್ಟಿ ಐದು ತಿಂಗಳು. ಮೊದ್ಲು ಚೆನ್ನಾಗಿ ನಗ್ತಾ ಇದ್ಲು, ಈಗ ಮಗು ಅತ್ರೂ ಬೇಗ ಎತ್ಕೊಳ್ಳಲ್ಲ, ಗೋಡೆ ನೋಡ್ಕೊಂಡು ಕೂತಿರ್ತಾಳೆ. ಏನಾಯ್ತು ಅಂದ್ರೆ ತಲೆ ಮುಟ್ಟಿ ತೋರಿಸ್ತಾಳೆ, ಆಮೇಲೆ ಸೊಂಟ, ಆಮೇಲೆ ಹೊಟ್ಟೆ. ಆಸ್ಪತ್ರೆಗೆ ಕರ್ಕೊಂಡು ಹೋದ್ವಿ, ಗ್ಯಾಸ್ಟ್ರಿಕ್‌ಗೆ, ಬಿಳಿಸೆರಗಿಗೆ ಮಾತ್ರೆ ಕೊಟ್ರು, ಏನೂ ಪ್ರಯೋಜನ ಇಲ್ಲ. ಗಂಡ ಗಾಳಿ ಸೋಕಿದೆ ಅಂತಾನೆ, ತೋಟದ ಲೆಕ್ಕ ಬರೆಯೋ ನಮ್ಮ ರೈಟರ್ ಕೆಲಸ ತಪ್ಪಿಸೋಕೆ ನಾಟಕ ಅಂತಾರೆ. ನಂಗೆ ಅವಳ ಭಾಷೆ ಬರಲ್ಲ. ನಾನೇನು ಮಾಡ್ಲಿ?
– ಬೆಳೆಗಾರರೊಬ್ಬರ ಪತ್ನಿ, ಸಿದ್ದಾಪುರ

ಉತ್ತರ: ಅಕ್ಕಾ, ಮೊದಲು ಒಂದು ಕೆಲಸ ಮಾಡಿ, ಇದನ್ನ ಓದ್ತಿದ್ದ ಹಾಗೇ ಎದ್ದು ಹೋಗಿ ನಿಮ್ಮ ಗೋಡೌನಿಗೆ ಬೀಗ ಹಾಕಿ. ಕಳೆನಾಶಕ, ಕೀಟನಾಶಕ ಎಲ್ಲಾ ಒಳಗಿರಲಿ, ಕೀ ನಿಮ್ಮ ಹತ್ರ ಇರಲಿ. ಪ್ಯಾರಾಕ್ವಾಟ್ ಅಂತ ಕಳೆಗೆ ಹೊಡೀತಾರಲ್ಲ, ಅದು ಒಂದೆರಡು ಗುಟುಕು ಒಳಗೆ ಹೋದ್ರೂ ಉಳಿಸ್ಕೊಳ್ಳೋದು ಬಹಳ ಕಷ್ಟ, ಅದಕ್ಕೆ ಪ್ರತಿವಿಷ ಇಲ್ಲ. ತೋಟಗಳಲ್ಲಿ ಅರ್ಧ ಖಾಲಿಯಾದ ಕ್ಯಾನ್ ಲೈನ್ ಮನೆ ಮೂಲೇಲಿ ಬಿದ್ದಿರೋದನ್ನ ನಾನೇ ಎಷ್ಟೋ ಕಡೆ ನೋಡಿದೀನಿ. ಮನಸ್ಸು ಕುಸಿದಿರೋ ಮನೆ ಹತ್ರ ಅದು ಇರಲೇಬಾರದು.

ಇನ್ನು ಹುಡುಗಿ ವಿಷಯ. ನೀವು ಬರೆದಿರೋದು ನೋಡಿದ್ರೆ ಇದು ಹೆರಿಗೆ ನಂತರ ಬರೋ ಖಿನ್ನತೆ ಇರಬಹುದು, ನೋಡದೆ ಖಾತ್ರಿಯಾಗಿ ಹೇಳೋಕಾಗಲ್ಲ. ಹೆರಿಗೆ ಆದ ಒಂದೆರಡು ವಾರ ಅಳು ಬರೋದು, ಸಿಡುಕೋದು ತುಂಬಾ ಜನಕ್ಕೆ ಆಗುತ್ತೆ, ತಾನಾಗೇ ಹೋಗುತ್ತೆ. ಎರಡು ವಾರ ದಾಟಿದ ಮೇಲೂ ಹಾಗೇ ಇದ್ರೆ ಅದು ಕಾಯಿಲೆ, ಮೊದಲ ವರ್ಷದಲ್ಲಿ ಯಾವಾಗ ಬೇಕಾದ್ರೂ ಶುರುವಾಗಬಹುದು. ಇದನ್ನ ಕಂಡುಹಿಡಿಯೋಕೆ 10 ಪ್ರಶ್ನೆಗಳ ಒಂದು ಪಟ್ಟಿ ಇದೆ, ಎಡಿನ್‌ಬರೋದಲ್ಲಿ 1987ರಲ್ಲಿ ಮಾಡಿದ್ದು, ಈಗ ಎಲ್ಲಾ ಕಡೆ ಬಳಸ್ತಾರೆ, ಅದರ ಕೊನೇ ಪ್ರಶ್ನೆನೇ ನಿಮಗೆ ನೀವೇ ಏನಾದ್ರೂ ಮಾಡ್ಕೊಳ್ಳೋ ಯೋಚನೆ ಬಂದಿದ್ಯಾ ಅನ್ನೋದು. ಹಾಗೆ ನೇರವಾಗಿ ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗೆ ಅನ್ನೋ ಭಯ ನಮ್ಮಲ್ಲಿ ಎಲ್ರಿಗೂ ಇದೆ, ಅದು ಸುಳ್ಳು. ಕೇಳಿದ್ರೆ ಎಷ್ಟೋ ಜನ ಹಗುರ ಆಗ್ತಾರೆ. ಆದ್ರೆ ಅವಳು ಎರಡು ಮೂರು ದಿನ ಒಂಚೂರೂ ನಿದ್ದೆ ಮಾಡದೆ ಇದ್ರೆ, ಯಾರೋ ಮಾತಾಡ್ತಿದಾರೆ ಅಂದ್ರೆ, ಮಗು ಬಗ್ಗೆ ವಿಚಿತ್ರವಾಗಿ ಏನಾದ್ರೂ ಹೇಳಿದ್ರೆ ನಾಳೆ ನಾಡಿದ್ದು ಅನ್ಬೇಡಿ, ಅವತ್ತೇ ಜೀಪ್ ಹತ್ತಿಸಿ ಮಡಿಕೇರಿ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಕರ್ಕೊಂಡು ಹೋಗಿ.

ಸೊಂಟ, ಹೊಟ್ಟೆ, ಬಿಳಿಸೆರಗು ಅಂತ ಬರೆದಿದೀರಲ್ಲ, ಅದು ನಾಟಕ ಅಲ್ಲ. ಗೋವಾದಲ್ಲಿ ಇದರ ಬಗ್ಗೆ ಒಳ್ಳೇ ಅಧ್ಯಯನ ಆಗಿದೆ, ಬಿಳಿಸೆರಗು ಅಂತ ದೂರು ಹೇಳೋ ಹೆಂಗಸರನ್ನ ಪರೀಕ್ಷೆ ಮಾಡಿದ್ರೆ ಬಹಳ ಜನಕ್ಕೆ ಸೋಂಕೇ ಇರಲಿಲ್ಲ, ಮನಸ್ಸಿನ ಒತ್ತಡದ ಜೊತೆ ಆ ದೂರಿಗೆ ಗಟ್ಟಿ ನಂಟಿತ್ತು. ನಮ್ಮ ಹೆಂಗಸರಿಗೆ ದುಃಖ ಅಂತ ಹೇಳ್ಕೊಂಡು ಆಸ್ಪತ್ರೆಗೆ ಹೋಗೋ ಅಭ್ಯಾಸ ಇಲ್ಲ, ಯಾರೂ ಬಿಡೋದೂ ಇಲ್ಲ. ಕೈಕಾಲು ಸೆಳೆತ, ಎದೆ ಉರಿ, ತಲೆ ಭಾರ ಅಂದ್ರೆ ಹೋಗಬಹುದು. ಅವಳೂ ಅದೇ ಮಾಡ್ತಿದಾಳೆ. ಹಾಗಂತ ಎಲ್ಲಾ ಮನಸ್ಸೇ ಅಂತ ಬಿಡ್ಬೇಡಿ, ರಕ್ತ ಕಡಿಮೆ ಇದ್ಯಾ, ಥೈರಾಯ್ಡ್ ಹೇಗಿದೆ ಅಂತ ಒಮ್ಮೆ ಪರೀಕ್ಷೆ ಮಾಡಿಸಿ, ಎರಡರಲ್ಲೂ ಹೀಗೆ ಸುಸ್ತಾಗಿ ಕೂರೋದು ಉಂಟು.

ಈಗ ನೀವು ಕೇಳದೆ ಇರೋದನ್ನ ನಾನು ಕೇಳ್ತೀನಿ. ಅವಳಿರೋ ಮನೆಯ ಬಾತ್ರೂಮಿಗೆ ಒಳಗಿಂದ ಚಿಲಕ ಇದ್ಯಾ? ರಾತ್ರಿ ಹೊರಗೆ ಹೋಗ್ಬೇಕಂದ್ರೆ ಲೈಟ್ ಇದ್ಯಾ? ಆನೆ ಓಡಾಡೋ ಕಡೆ ಲೈನ್ ಮನೆ ಹೆಂಗಸರು ಸಂಜೆ ಮೇಲೆ ನೀರು ಕುಡಿಯೋದೇ ನಿಲ್ಲಿಸ್ತಾರೆ, ರಾತ್ರಿ ಏಳೋ ಹಾಗೆ ಆಗ್ಬಾರ್ದು ಅಂತ. ಎರಡು ಸಂಸಾರಕ್ಕೆ ಒಂದು ರೂಮು, ಮಧ್ಯೆ ಹಳೇ ಸೀರೆ ಕಟ್ಟಿದ್ರೆ ಅದೇ ಗೋಡೆ, ಸೀರೆ ಆಚೆ ಬೇರೆ ಗಂಡಸರು, ಹಾಲು ಕುಡಿಸೋಕೂ ಗೋಡೆ ಕಡೆ ತಿರುಗಿ ಕೂರ್ಬೇಕು. ನೀವು ಗೋಡೆ ನೋಡ್ಕೊಂಡು ಕೂತಿರ್ತಾಳೆ ಅಂದ್ರಲ್ಲ, ಅದರಲ್ಲಿ ಸ್ವಲ್ಪ ಇದೂ ಇರಬಹುದು, ಹೋಗಿ ನೋಡಿ. ಊರಲ್ಲಿದ್ದಿದ್ರೆ ಬಾಣಂತನಕ್ಕೆ ಅಮ್ಮನೋ ಅತ್ತಿಗೆನೋ ಇರ್ತಿದ್ರು, ಎಣ್ಣೆ ಹಚ್ಚಿ ಸ್ನಾನ ಮಾಡ್ಸೋರು, ಮಗು ಹಿಡ್ಕೊಳ್ಳೋರು. ಇಲ್ಲಿಂದ ಅವಳ ಊರು ಅಂದ್ರೆ ಎರಡು ಮೂರು ದಿನದ ರೈಲು.

ಇನ್ನೊಂದು, ದುಡ್ಡು ಯಾರ ಕೈಲಿ ಸೇರುತ್ತೆ? ಎಷ್ಟೋ ತೋಟದಲ್ಲಿ ಕುಯ್ಲು ಕಿಲೋ ಲೆಕ್ಕ, ಗಂಡ ಹೆಂಡ್ತಿ ಇಬ್ರೂ ಕುಯ್ದಿದ್ದನ್ನ ತೂಗಿ ಗಂಡನ ಹೆಸರಿಗೆ ಬರ್ಕೊಳ್ತಾರೆ, ಅವಳು ದಿನವಿಡೀ ಕುಯ್ದ್ರೂ ಪುಸ್ತಕದಲ್ಲಿ ಅವಳಿಲ್ಲ. ದೇಶದ ಲೆಕ್ಕದಲ್ಲೂ ಹಾಗೇ ಕಣ್ರೀ, 2011ರ ಜನಗಣತಿಯಲ್ಲಿ ವಲಸೆ ಬಂದ ಹೆಂಗಸರಲ್ಲಿ ಹೆಚ್ಚಿನವರ ಕಾರಣ ಮದುವೆ ಅಂತ ಬರ್ದಿದೆ, ಮದುವೆ ಆಗಿ ಬಂದವಳು ಮಾರನೇ ದಿನವೇ ಕೆಲಸಕ್ಕೆ ಇಳಿದಿದ್ದು ಆ ಕಾಲಂನಲ್ಲಿ ಕಾಣಲ್ಲ. ನೀವು ಯಜಮಾನರಿಗೆ ಹೇಳಿ ಅವಳ ಕಿಲೋ ಅವಳ ಹೆಸರಲ್ಲಿ ಬರೆಸಿ, ಸಂಬಳ ಅವಳ ಕೈಗೇ ಕೊಡಿ. ಇದೂ ಔಷಧದಷ್ಟೇ ಮುಖ್ಯ ಅಂತ ನಾನು ಡಾಕ್ಟ್ರಾಗೇ ಹೇಳ್ತಿದೀನಿ.

ಭಾಷೆಗೆ ಏನು ಮಾಡೋದು ಅಂದ್ರೆ, 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರ ಅಕ್ಟೋಬರಿಂದ ಇದೆ, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತೆ, ಭಾಷೆ ಆರಿಸ್ಕೋಬಹುದು, ಅಸ್ಸಾಮಿ, ಬಂಗಾಳಿ, ಹಿಂದಿ ಎಲ್ಲಾ ಇದೆ. ಅಸ್ಸಾಂನವಳು ಅಂದ ತಕ್ಷಣ ಅಸ್ಸಾಮಿನೇ ಅನ್ಕೋಬೇಡಿ, ಮನೇಲಿ ಬಂಗಾಳಿ ಆಡೋರಿದಾರೆ, ಅಲ್ಲಿನ ಟೀ ತೋಟದ ಜನ ಸಾದ್ರಿ ಆಡ್ತಾರೆ, ಮೊದ್ಲು ಕೇಳಿ. ಸ್ಪೀಕರ್ ಹಾಕಿ ಗಂಡನ ಎದುರಿಗೆ ಮಾತಾಡ್ಸೋದು ಬೇಡ, ನಿಮ್ಮ ಅಡುಗೆ ಮನೇಲಿ ಕೂರ್ಸಿ ಫೋನ್ ಅವಳ ಕೈಗೆ ಕೊಟ್ಟು ಮಗು ನೀವು ಹಿಡ್ಕೊಳ್ಳಿ. ಆಸ್ಪತ್ರೇಲೂ ಅಷ್ಟೇ, ಗಂಡನ್ನ ದುಭಾಷಿ ಮಾಡಿದ್ರೆ ಅವನು ತನ್ನ ಮಾತನ್ನೇ ಹೇಳ್ತಾನೆ, ಹೊಡೀತಾನೆ ಅನ್ನೋದಿದ್ರೆ ಅದು ಡಾಕ್ಟರ್ ಕಿವಿಗೆ ಬೀಳೋದೇ ಇಲ್ಲ. ಆಶಾ ಕಾರ್ಯಕರ್ತೆಗೆ ಹೇಳಿ ತಾಯಿ ಕಾರ್ಡ್ ಮಾಡ್ಸಿ, ಮಗು ಲಸಿಕೆ ಬಾಕಿ ಇದ್ಯಾ ನೋಡಿ. ಮನೋಚೈತನ್ಯ ಅಂತ ಸರ್ಕಾರದ ಕಾರ್ಯಕ್ರಮ ಇದೆ, ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರೋ ವ್ಯವಸ್ಥೆ, ನಿಮ್ಮಲ್ಲಿ ಯಾವ ಮಂಗಳವಾರ ಅಂತ ಆಶಾನೇ ಹೇಳ್ತಾರೆ. ಮಾತ್ರೆ ಬರ್ದ್ರೆ ಹೆದರ್ಬೇಡಿ, ಹಾಲು ಕುಡಿಸೋ ತಾಯಂದಿರಿಗೂ ಕೊಡಬಹುದಾದವು ಇವೆ, ಕೆಲಸ ಮಾಡೋಕೆ ಎರಡರಿಂದ ನಾಲ್ಕು ವಾರ ಬೇಕು, ಎರಡು ದಿನ ತಿಂದು ಏನೂ ಆಗ್ಲಿಲ್ಲ ಅಂತ ಬಿಡ್ಸೋದು ಬೇಡ. ಬಸ್ ಚಾರ್ಜ್ ನೀವೇ ಕೊಡ್ಬೇಕಾಗುತ್ತೆ, ಶಕ್ತಿ ಯೋಜನೆಯ ಫ್ರೀ ಟಿಕೆಟ್ ಕರ್ನಾಟಕದ ವಿಳಾಸ ಇದ್ದವರಿಗೆ ಮಾತ್ರ, ನಿಮ್ಮ ಪಕ್ಕ ಕೂತಿರೋ ಅವಳಿಗೆ ಕಂಡಕ್ಟರ್ ದುಡ್ಡಿನ ಟಿಕೆಟ್ಟೇ ಹರೀತಾರೆ.

ಗಾಳಿ ಸೋಕಿದೆ ಅನ್ನೋ ಗಂಡನ ಜೊತೆ ವಾದ ಮಾಡ್ಬೇಡಿ. ತಾಯತ ಕಟ್ಟಿಸ್ತೀನಿ ಅಂದ್ರೆ ಕಟ್ಟಿಸ್ಲಿ, ಜೊತೆಗೆ ಮಾತ್ರೆನೂ ಇರ್ಲಿ ಅನ್ನಿ. ರೈಟರ್‌ಗೆ ಮಾತ್ರ ಸ್ವಲ್ಪ ಗಟ್ಟಿಯಾಗಿ ಹೇಳಿ.

ಪ್ರಶ್ನೆ: ನಾನು ಚಾಮರಾಜನಗರ ಕಡೆಯಿಂದ ಬಂದು ತೋಟದಲ್ಲಿ ಕೆಲಸ ಮಾಡ್ತಿದೀನಿ, ಗಂಡ ಇಲ್ಲ. ಮೇಸ್ತ್ರಿ ಮುಂಗಡ ಕೊಟ್ಟಿದಾನೆ, ಅದಕ್ಕೆ ಏನ್ ಬೇಕಾದ್ರೂ ಮಾತಾಡಬಹುದು ಅನ್ಕೊಂಡಿದಾನೆ, ತೂಕ ಮಾಡುವಾಗ ಕೈ ಹಿಡೀತಾನೆ. ರಾತ್ರಿ ಬಾಗಿಲು ಬಡಿದ ಹಾಗೆ ಆಗಿ ಎದೆ ಡವಡವ ಅನ್ನುತ್ತೆ, ಯಾರೂ ಇರಲ್ಲ. ನಂಗೆ ಹುಚ್ಚು ಹಿಡೀತಿದ್ಯಾ?
– ಹೆಸರು ಬೇಡ, ವಿರಾಜಪೇಟೆ ತಾಲೂಕು

ಉತ್ತರ: ಇಲ್ಲ ತಾಯಿ, ಹುಚ್ಚು ಹಿಡಿದಿಲ್ಲ. ಹಗಲು ಕೈ ಹಿಡಿಯೋನು ರಾತ್ರಿ ಬಾಗಿಲಿಗೂ ಬಂದಾನು ಅಂತ ನಿಮ್ಮ ಮೈ ಕಾವಲು ಕೂತಿದೆ, ಅದಕ್ಕೇ ನಿದ್ದೆ ಇಲ್ಲ. ನಿದ್ದೆ ಮಾತ್ರೆ ಕೊಟ್ಟು ನಿಮ್ಮನ್ನ ಅದೇ ಮೇಸ್ತ್ರಿ ಕೈಕೆಳಗೆ ಕಳಿಸಿದ್ರೆ ನಾನು ಏನು ಡಾಕ್ಟ್ರು?

ಅವನು ಮಾಡ್ತಿರೋದು ಲೈಂಗಿಕ ಕಿರುಕುಳ, 2013ರ ಕಾಯ್ದೆ ತೋಟಕ್ಕೂ ಅನ್ವಯಿಸುತ್ತೆ. 10 ಅಥವಾ ಅದಕ್ಕಿಂತ ಹೆಚ್ಚು ಜನ ಇರೋ ಕಡೆ ಒಳಗೇ ಸಮಿತಿ ಇರಬೇಕು, ಅದಿಲ್ಲದ ಸಣ್ಣ ತೋಟ ಆದ್ರೆ, ಇಲ್ಲಾ ದೂರು ಮಾಲೀಕರ ಮೇಲೇ ಇದ್ರೆ, ಜಿಲ್ಲೆಗೊಂದು ಸ್ಥಳೀಯ ಸಮಿತಿ ಇರುತ್ತೆ, ಅಲ್ಲಿ ಕೊಡಬಹುದು. ಮೂರು ತಿಂಗಳ ಒಳಗೆ ಕೊಡ್ಬೇಕು, ಹಾಗಾಗಿ ಕುಯ್ಲು ಮುಗೀಲಿ ನೋಡೋಣ ಅನ್ಬೇಡಿ. ಬರೆಯೋಕೆ ಬರದಿದ್ರೆ ಬರ್ಕೊಡೋದು ಅವರ ಕೆಲಸ. ಹೆಂಗಸರಿಗೆ ಕಾನೂನು ನೆರವು ಸಂಪೂರ್ಣ ಉಚಿತ, ಆದಾಯ ಎಷ್ಟು ಅಂತಾನೂ ಕೇಳಲ್ಲ, 15100ಕ್ಕೆ ಫೋನ್ ಮಾಡಿದ್ರೆ ಸಾಕು. ಮಹಿಳಾ ಸಹಾಯವಾಣಿ 181, ಬಾಗಿಲಿಗೆ ಬಂದೇಬಿಟ್ರೆ 112. ಮುಂಗಡ ತೀರೋ ತನಕ ಬಿಡಲ್ಲ ಅಂತ ಕೂರಿಸ್ಕೊಳ್ಳೋದು 1976ರಿಂದಲೇ ಅಪರಾಧ, ಅದಕ್ಕೆ ಜೀತ ಅಂತಲೇ ಹೆಸರು. ಇವತ್ತಿನಿಂದ ರಾತ್ರಿ ಪಕ್ಕದ ಮನೆ ಹೆಂಗಸರ ಜೊತೆ ಮಲಗೋಕಾಗುತ್ತಾ ನೋಡಿ. ಬಹುಶಃ ಅವರಲ್ಲೂ ಯಾರಿಗೋ ಇದೇ ಆಗಿರುತ್ತೆ.

ಪ್ರಶ್ನೆ: ನಾ ಕೊಪ್ಪಳ ಕಡಿಯಾಂವ ರೀ. ಕುಶಾಲನಗರದಾಗ ಗಾರೆ ಕೆಲಸ ಮಾಡಾಕತ್ತೀನಿ. ಮನಿಗೆ ತಿಂಗಳಾ ರೊಕ್ಕ ಹಾಕ್ತೀನಿ. ರಾತ್ರಿ ನಿದ್ದಿ ಬರಂಗಿಲ್ಲ, ಕ್ವಾರ್ಟರ್ ಹಾಕಿದ್ರಷ್ಟ ಕಣ್ಣ ಹತ್ತತಾವ, ಮೂರಕ್ಕ ಮತ್ತ ಎಚ್ಚರ. ಮುಂಜಾನೆ ಕೈ ನಡಗತಾವ, ಕರಣಿ ಹಿಡಿಯಾಕ ಆಗಂಗಿಲ್ಲ, ಒಂದ ಪ್ಯಾಕೆಟ್ ಹಾಕಿದ ಮ್ಯಾಲ ನಿಲ್ಲತಾವ. ಮನಿಗೆ ಫೋನ್ ಮಾಡಿದಾಗ ಎಲ್ಲಾ ಆರಾಮ್ ಅಂತೀನಿ. ಗಂಡಸಾಗಿ ಹೆಂಡ್ತಿ ಮುಂದ ಅಳಾಕ ಆಗತೈತೇನ್ರಿ? ಇದು ರೋಗನೋ ಚಟನೋ? ನಾಳೆನೇ ಬಿಡಬೇಕಂತ ಮಾಡೀನಿ.
– ಒಬ್ಬ ಕೆಲಸಗಾರ, ಕುಶಾಲನಗರ

ಉತ್ತರ: ಅಣ್ಣಾ, ನಾಳೆನೇ ಒಬ್ಬರೇ ಬಿಡೋಕೆ ಹೋಗ್ಬೇಡಿ. ಕುಡೀರಿ ಅಂತಲ್ಲ. ಬೆಳಿಗ್ಗೆ ಕೈ ನಡುಗಿ ಕುಡಿದ ಮೇಲೆ ನಿಲ್ಲುತ್ತೆ ಅಂದ್ರೆ ಮೈ ಅದಕ್ಕೆ ಹೊಂದ್ಕೊಂಡಿದೆ, ಅಂಥವರು ಒಮ್ಮೆಲೇ ನಿಲ್ಸಿದ್ರೆ ಎರಡು ಮೂರು ದಿನದೊಳಗೆ ಫಿಟ್ಸ್ ಬರಬಹುದು, ಇಲ್ಲದ್ದೆಲ್ಲ ಕಾಣಿಸಬಹುದು, ಜೀವಕ್ಕೂ ಅಪಾಯ. ರೂಮಲ್ಲಿ ಒಬ್ಬರೇ ಇರೋರು ಹೀಗೆ ಬಿಟ್ಟು ಬಿದ್ದಿದ್ದನ್ನ ನೋಡಿದೀನಿ, ಜೊತೆಯವರು ಕುಡಿದು ಬಿದ್ದಿದಾನೆ ಅನ್ಕೊಂಡು ಕೆಲಸಕ್ಕೆ ಹೋಗಿರ್ತಾರೆ. ತಾಲೂಕು ಆಸ್ಪತ್ರೆಗೆ ಹೋಗಿ ನಂಗೆ ಬಿಡಬೇಕು, ಕೈ ನಡುಗುತ್ತೆ ಅಂತ ಇಷ್ಟೇ ಹೇಳಿ. ಕೆಲವು ದಿನಕ್ಕೆ ಮಾತ್ರೆ, ಬಿ1 ವಿಟಮಿನ್ ಕೊಡ್ತಾರೆ, ಬೇಕಾದ್ರೆ ಅಡ್ಮಿಟ್ ಮಾಡ್ಕೊಳ್ತಾರೆ. ಕೂಲಿ ಕೆಲವು ದಿನ ತಪ್ಪುತ್ತೆ, ಮೇಸ್ತ್ರಿಗೆ ಜ್ವರ ಅಂತಾನೇ ಹೇಳಿ, ನನ್ನ ಅಭ್ಯಂತರ ಇಲ್ಲ.

ರೋಗನೋ ಚಟನೋ ಅಂದ್ರಿ, ಎರಡೂ ಹೌದು, ಯಾವುದು ಮೊದಲು ಬಂತು ಅಂತ ನಿಮಗೇ ನೆನಪಿರಲ್ಲ. ನಿದ್ದೆಗೆ ಅಂತ ಕುಡಿದದ್ದು ಮೂರು ಗಂಟೆಗೆ ಎಬ್ಬಿಸುತ್ತೆ, ಅದು ಅದರ ಗುಣ, ಮೊದಲ ನಿದ್ದೆ ಕೊಟ್ಟು ಕೊನೇ ನಿದ್ದೆ ಕಸ್ಕೊಳ್ಳುತ್ತೆ. ಖಿನ್ನತೆ ಹೆಂಗಸರಲ್ಲಿ ಗಂಡಸರಿಗಿಂತ ಸುಮಾರು ಎರಡು ಪಟ್ಟು ಅಂತಾರೆ, ಅದು ಸರಿನೇ, ಆದ್ರೆ ಗಂಡಸರದ್ದು ಅಳುವಾಗಿ ಬರೋ ಬದಲು ಬಾಟ್ಲಿಯಾಗಿ, ಸಿಟ್ಟಾಗಿ ಬರುತ್ತೆ, ಲೆಕ್ಕಕ್ಕೆ ಸಿಗಲ್ಲ. ಆತ್ಮಹತ್ಯೆ ಲೆಕ್ಕದಲ್ಲಿ ಮಾತ್ರ ಸಿಗುತ್ತೆ. ಕೇಂದ್ರ ಸರ್ಕಾರದ ಅಪರಾಧ ದಾಖಲೆ ಬ್ಯೂರೋದ 2022ರ ಪಟ್ಟಿಯಲ್ಲಿ ಸತ್ತವರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಜನ ದಿನಗೂಲಿಯವರು, ಒಟ್ಟು ಸತ್ತವರಲ್ಲಿ ಹತ್ತರಲ್ಲಿ ಏಳು ಗಂಡಸರು. ಊರು ಬಿಟ್ಟು ದುಡಿಯೋ ಗಂಡಸಿಗೆ ರೊಕ್ಕ ಕಳ್ಸೋದೇ ಮರ್ಯಾದೆ ಆಗ್ಬಿಟ್ಟಿರುತ್ತೆ, ಕಡಿಮೆ ಆದ ತಿಂಗಳು ಫೋನೇ ಎತ್ತಲ್ಲ.

ಹೆಂಡ್ತಿ ಮುಂದೆ ಅಳೋಕಾಗುತ್ತಾ ಅಂದ್ರಿ. ಅಳಬೇಡಿ, ನಿದ್ದೆ ಬರ್ತಿಲ್ಲ ಅಂತ ಹೇಳಿ, ಅಷ್ಟು ಸಾಕು ಶುರುವಿಗೆ. ಅಲ್ಲಿ ಅವರೊಬ್ರೇ ಹೊಲ, ದನ, ಮಕ್ಕಳು, ನಿಮ್ಮ ಅಪ್ಪ ಅಮ್ಮ ಎಲ್ಲಾ ನೋಡ್ಕೊಂಡು ಅವರೂ ನಿಮಗೆ ಎಲ್ಲಾ ಆರಾಮ್ ಅಂತಲೇ ಹೇಳ್ತಿರ್ತಾರೆ, ಬರ್ದಿಟ್ಕೊಳ್ಳಿ. 14416ರಲ್ಲಿ ಕನ್ನಡದಲ್ಲೇ ಮಾತಾಡ್ತಾರೆ, ಹೆಸರು ಹೇಳ್ಬೇಕು ಅಂತಿಲ್ಲ. ಆಸ್ಪತ್ರೆಗೆ ಹೋಗಿ ಬಂದ ಮೇಲೆ ಇನ್ನೊಂದು ಪತ್ರ ಹಾಕಿ.

ಪ್ರಶ್ನೆ: ಪ್ರತಿ ಸಂಚಿಕೆಯಲ್ಲೂ ಹೊರಗಿನವರ ಪರ ಬರೀತೀರಿ. ಅವರಿಂದ ಕಳ್ಳತನ ಜಾಸ್ತಿ ಆಗಿದೆ, ಬಾಂಗ್ಲಾದೋರೋ ಅಸ್ಸಾಂನೋರೋ ಯಾರಿಗೆ ಗೊತ್ತು. ನಮ್ಮ ಟೆನ್ಶನ್ ಬಗ್ಗೆ ಯಾಕೆ ಬರೆಯಲ್ಲ? ಆಧಾರ್ ಇಸ್ಕೊಂಡು ಇಟ್ಕೊಳ್ದೆ ಕೆಲಸ ಕೊಡೋದು ಹೇಗೆ?
– ಒಬ್ಬ ಬೆಳೆಗಾರ, ಗೋಣಿಕೊಪ್ಪಲು

ಉತ್ತರ: ನಿಮ್ಮ ಟೆನ್ಶನ್ ನಿಜ, ಅದನ್ನ ಅಲ್ಲಗಳೆಯಲ್ಲ. ಕುಯ್ಲು ಹೊತ್ತಿಗೆ ಅಕಾಲ ಮಳೆ, ಹಣ್ಣು ಉದುರಿ ನೆಲಕ್ಕೆ, ರಾತ್ರಿ ಆನೆ, ಆಳು ಇವತ್ತಿದ್ದು ನಾಳೆ ಇಲ್ಲ. 14416 ನಿಮಗೂ ಇದೆ, ತೋಟ ಇರೋರು ಮಾಡ್ಬಾರ್ದು ಅಂತ ಏನಿಲ್ಲ. ಗುರುತಿನ ಚೀಟಿ ನೋಡಿ, ಜೆರಾಕ್ಸ್ ಇಟ್ಕೊಳ್ಳಿ, ಠಾಣೆಗೆ ಮಾಹಿತಿ ಕೊಡಿ, ಅದೆಲ್ಲಾ ಸರಿ. ಒರಿಜಿನಲ್ ಇಟ್ಕೊಳ್ಳೋದು ಮಾತ್ರ ತಪ್ಪು. ಅದಿಲ್ಲದೆ ಅವನಿಗೆ ರೇಷನ್ ಇಲ್ಲ, ಸಿಮ್ ಇಲ್ಲ, ಹೆಂಡ್ತಿ ಹೆರಿಗೆಗೆ ಕಷ್ಟ, ಊರಲ್ಲಿ ಅಪ್ಪ ಸತ್ರೂ ನಿಮ್ಮನ್ನ ಕೇಳಿ ಹೋಗ್ಬೇಕು. ಒಂದು ದೇಶ ಒಂದು ರೇಷನ್ ಕಾರ್ಡ್ ಬಂದ ಮೇಲೆ ಅಲ್ಲಿನ ಕಾರ್ಡಿಗೆ ಇಲ್ಲೇ ಅಕ್ಕಿ ಸಿಗುತ್ತೆ, ನೀವೇ ನ್ಯಾಯಬೆಲೆ ಅಂಗಡಿಗೆ ಕರ್ಕೊಂಡು ಹೋಗಿ ತೋರ್ಸಿ, ಆಳು ನಿಲ್ಲೋಕೆ ಬೀಗಕ್ಕಿಂತ ಅದು ವಾಸಿ.

ಕಳ್ಳತನ ಮಾಡಿದವನ ಮೇಲೆ ಕಂಪ್ಲೇಂಟ್ ಕೊಡಿ. ಆದ್ರೆ ಭಾನುವಾರ ಸಂತೇಲಿ ಬೆಂಡೆಕಾಯಿ ಆರಿಸ್ತಿರೋ ಹೆಂಗಸಿಗೆ ಬಾಂಗ್ಲಾ ಅಂತ ಕೂಗಿದ್ರೆ ಅವಳು ಮುಂದಿನ ವಾರ ಸಂತೆಗೂ ಬರಲ್ಲ, ಆಸ್ಪತ್ರೆಗೂ ಬರಲ್ಲ. ಕಾಯಿಲೆ ಲೈನ್ ಮನೇಲೇ ಬೆಳೆಯುತ್ತೆ. ನಮ್ಮ ಮಕ್ಕಳೂ ಬೆಂಗಳೂರು, ದುಬೈ ಅಂತ ಬೇರೆಯವರ ಊರಲ್ಲೇ ಇದಾರೆ ಅಲ್ವಾ.

ಪ್ರಶ್ನೆ: 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ನಮ್ಮ ಮನೆ, ತೋಟ ಹೋಯ್ತು. ಸರ್ಕಾರ ಕೊಟ್ಟ ಮನೇಲಿದೀವಿ. ಅಪ್ಪ ಪರವಾಗಿಲ್ಲ, ಪೇಟೆಗೆ ಹೋಗಿ ಬರ್ತಾರೆ. ಅಮ್ಮ ಮಾತ್ರ ಮಳೆ ಜೋರಾದ್ರೆ ಬ್ಯಾಗ್ ತುಂಬ್ಕೊಂಡು ಬಾಗಿಲ ಹತ್ರ ಕೂರ್ತಾರೆ, ಮಲಗಲ್ಲ. ಇಷ್ಟು ವರ್ಷ ಆದ್ಮೇಲೂ ಹೀಗಾ? ನಾವು ವಲಸೆ ಬಂದವರಲ್ಲ, ಆದ್ರೂ ಕೇಳೋಣ ಅನ್ನಿಸ್ತು.
– ಮಗಳು, ಮಡಿಕೇರಿ ತಾಲೂಕು

ಉತ್ತರ: ಕೇಳಿದ್ದು ಒಳ್ಳೇದಾಯ್ತು. ಜಿಲ್ಲೆ ದಾಟದೆ ಇದ್ರೂ ನೀವೂ ಊರು ಬಿಟ್ಟವರೇ. ಆ ವಾರ ಮಕ್ಕಂದೂರು, ಜೋಡುಪಾಲ ಕಡೆ ನೋಡಿದವರಿಗೆ ನಿಮ್ಮಮ್ಮನ ಬ್ಯಾಗ್ ಅರ್ಥ ಆಗುತ್ತೆ. ಮೈ ಮನಸ್ಸು ಆ ರಾತ್ರಿಯಲ್ಲೇ ನಿಂತ್ಕೊಂಡಿದ್ದು ಮಳೆ ಸದ್ದಿಗೆ ಮತ್ತೆ ಶುರುವಾಗುತ್ತೆ, ಆಘಾತದ ನಂತರ ಹೀಗಾಗೋದು ವರ್ಷಗಟ್ಟಲೆ ಇರಬಹುದು, ಎಷ್ಟು ವರ್ಷದ ಮೇಲೆ ಚಿಕಿತ್ಸೆ ತಗೊಂಡ್ರೂ ಗುಣ ಕಾಣುತ್ತೆ.

ಅಪ್ಪ ಪರವಾಗಿಲ್ಲ ಅಮ್ಮ ಯಾಕೆ ಹೀಗೆ ಅನ್ನೋದಕ್ಕೆ ಧೈರ್ಯ ಕಡಿಮೆ ಅನ್ನೋದು ಉತ್ತರ ಅಲ್ಲ. ಅಪ್ಪನ ಪೇಟೆ ಹಾಗೇ ಇದೆ, ಟೀ ಅಂಗಡಿ, ಸ್ನೇಹಿತರು ಹಾಗೇ ಇದಾರೆ. ಅಮ್ಮನ ಪ್ರಪಂಚ ಆ ಹಿತ್ತಲು, ದನದ ಕೊಟ್ಟಿಗೆ, ಕೂಗಿದ್ರೆ ಓ ಅನ್ನೋ ಪಕ್ಕದ ಮನೆಯವರು, ಕೈಖರ್ಚಿಗೆ ಹಾಲು ಮಾರಿದ ದುಡ್ಡು, ಅಷ್ಟೂ ಒಂದೇ ದಿನ ಹೋಯ್ತು. ಪರಿಹಾರದ ದುಡ್ಡು ಯಾರ ಖಾತೆಗೆ ಬಂತು ಅಂತ ಮನೇಲಿ ಯಾರಾದ್ರೂ ಅಮ್ಮನ ಹತ್ರ ಮಾತಾಡಿದೀರಾ? ಹೊಸ ಕಾಲೊನೀಲಿ ಸಾಲು ಮನೆ, ಒಂದು ಕೋಳಿ ಸಾಕೋಕೂ ಜಾಗ ಇಲ್ಲ.

ಬ್ಯಾಗ್ ತೆಗೆದಿಡಿ ಅಂತ ಬೈಬೇಡಿ, ನೀವೇ ಕೂತು ಜೊತೆಗೆ ತುಂಬಿ, ಮನೆ ಪತ್ರ, ಮಾತ್ರೆ, ಟಾರ್ಚ್, ಎಲ್ಲಿಗೆ ಹೋಗೋದು ಅನ್ನೋದು ಸೇರಿ. ತಯಾರಿ ಇದೆ ಅಂತ ಗೊತ್ತಾದ್ರೆ ಮಲಗೋದು ಸುಲಭ ಆಗಬಹುದು. ಮಳೆ ವಿಡಿಯೋ, ಕುಸಿದ ಗುಡ್ಡದ ಹಳೇ ಫೋಟೋ ಫಾರ್ವರ್ಡ್ ಬಂದ್ರೆ ಅವರ ಫೋನಿಂದ ಅಳಿಸಿ. ಹಳೇ ಊರಿನ ಹೆಂಗಸರು ಬೇರೆ ಬೇರೆ ಕಾಲೊನೀಲಿದ್ರೆ ತಿಂಗಳಿಗೊಮ್ಮೆ ಒಬ್ಬರ ಮನೇಲಿ ಸೇರಿಸಿ, ಖರ್ಚು ಒಂದು ಕಾಫಿ. ಬಾಗಿಲ ಮುಂದೆ ಜಾಗ ಇದ್ರೆ ಗ್ರೋ ಬ್ಯಾಗಲ್ಲಿ ಏನಾದ್ರೂ ಹಾಕೋಕೆ ಅವರಿಗೇ ಬಿಡಿ. ಮಾತಿನ ಚಿಕಿತ್ಸೆಗೆ ಮಡಿಕೇರಿ ಆಸ್ಪತ್ರೆ ಮನೋರೋಗ ವಿಭಾಗಕ್ಕೆ ಬೇಸಿಗೇಲೇ ಕರ್ಕೊಂಡು ಹೋಗಿ. ಜೂನ್ ಬಂದ ಮೇಲೆ ಅವರು ಮನೆ ಬಿಟ್ಟು ಹೊರಡಲ್ಲ, ಹೊರಟ್ರೂ ದಾರಿಯುದ್ದಕ್ಕೂ ಗುಡ್ಡ ನೋಡ್ತಾ ಕೂರ್ತಾರೆ. ಮೊದಲ ಸಲ ಒಳಗೆ ಅವರೊಬ್ಬರನ್ನೇ ಬಿಡಿ, ನೀವು ಹೊರಗೆ ಕೂರಿ.